ಕಿವಿಯ ಸುತ್ತಲಿನ ಗುಟ್ಟು

ಆದೋನಿಯ ಕಡೆ ಹರಿದ ಕಿವಿ ಹೊಲಿಸಿಕೊಳ್ಳುವುದನ್ನು ಯಾರೂ ಸೌಂದರ್ಯ ಶಸ್ತ್ರಚಿಕಿತ್ಸೆ ಎನ್ನುವುದಿಲ್ಲ. ನಲವತ್ತು ವರ್ಷ ಜುಮುಕಿ ತೂಗಿದ ತೂತು ಉದ್ದಕ್ಕೆ ಸೀಳುತ್ತಾ ಹೋಗಿ, ಕೊನೆಗೊಂದು ದಿನ ಹಾಲೆಯೇ ಎರಡಾಗುತ್ತದೆ. ಭಾರ ತಡೆಯಲೆಂದು ಮಾಟಿ ಹಾಕಿಕೊಂಡವರಿಗೂ ಇದು ತಪ್ಪಿದ್ದಲ್ಲ. ಮೊಮ್ಮಗಳ ಮದುವೆ ಗೊತ್ತಾದ ಕೂಡಲೇ ಅಜ್ಜಿಗೆ ಕಿವಿಯ ನೆನಪಾಗುತ್ತದೆ. ಹಾಲೆ ಮರಗಟ್ಟುವುದಕ್ಕೊಂದು ಸೂಜಿ, ವಾಸಿಯಾಗಿ ಗಟ್ಟಿಯಾದ ಸೀಳಿನ ಅಂಚನ್ನು ಸಣ್ಣಗೆ ಕತ್ತರಿಸಿ ಹಸಿ ಮಾಡುವುದು (ಹಸಿಯಾಗದ ಚರ್ಮ ಒಂದಕ್ಕೊಂದು ಕೂಡುವುದಿಲ್ಲ), ಆಮೇಲೆ ನಾಲ್ಕಾರು ಹೊಲಿಗೆ. ಹೊಲಿಗೆ ಬಿಚ್ಚಿಸಿಕೊಂಡು ಬಂದ ಅಜ್ಜಿ ಓಣಿಯವರಿಗೆಲ್ಲ ಕಿವಿ ತೋರಿಸುತ್ತಾಳೆ. ಯಾವ ಡಾಕ್ಟರು, ಎಷ್ಟು ತೆಗೆದುಕೊಂಡರು, ನೋವಾಯಿತೋ ಇಲ್ಲವೋ ಎಲ್ಲ ಹೇಳುತ್ತಾಳೆ. ಮುಂದೆ ಕಿವಿ ಹರಿದುಕೊಂಡ ಇನ್ನೊಬ್ಬಳಿಗೆ ಯಾವ ಬಾಗಿಲು ತಟ್ಟಬೇಕು, ಯಾವುದರ ಹತ್ತಿರ ಸುಳಿಯಬಾರದು ಎನ್ನುವುದು ಹೀಗೆ ತಿಳಿಯುತ್ತದೆ.

ಜೋತ ಮುಖವನ್ನು ಎತ್ತಿ ಬಿಗಿಮಾಡುವ ಫೇಸ್‌ಲಿಫ್ಟ್‌ನ ಚಾಕು ಓಡಾಡುವುದೂ ಇದೇ ಕಿವಿಯ ಸುತ್ತ. ಕಣತಲೆಯ ಕೂದಲಿನ ಹತ್ತಿರ ಶುರುವಾಗಿ, ಕಿವಿಯ ಮುಂದಿನ ಮಡಿಕೆಯಲ್ಲಿ ಇಳಿದು, ಹಾಲೆಯನ್ನು ಬಳಸಿ, ಕಿವಿಯ ಹಿಂದೆ ಏರಿ, ಹಿಂದಲೆಯ ಕೂದಲೊಳಗೆ ಮುಗಿಯುತ್ತದೆ. ಆದರೆ ನಿವೃತ್ತಿಗೆ ಹತ್ತಿರವಾದ ಟೀಚರೊಬ್ಬರು ತಮಗೆ ಇದು ಬೇಕೆಂದರೆ ಓಣಿಯಲ್ಲಿ ಮಾತು ಬೇರೆಯಾಗುತ್ತದೆ: "ಈ ವಯಸ್ಸಿನಾಗ ಆಕಿಗೆ ಇದೆಲ್ಲಾ ಯಾಕ ಬೇಕಾಗಿತ್ತವ್ವಾ?" ಅರವತ್ತು ದಾಟಿದ ಹತ್ತಿ ದಲ್ಲಾಳಿ ವಾರಕ್ಕೊಮ್ಮೆ ಮೀಸೆಗೆ ಕಪ್ಪು ಹಚ್ಚಿಕೊಂಡು ಮಾರ್ಕೆಟ್ ಯಾರ್ಡಿಗೆ ಬಂದರೆ ಯಾರೂ ಹಾಗೆ ಕೇಳುವುದಿಲ್ಲ. ಕಟ್ಟಿಸಿದ ಹಲ್ಲಿಗೂ ಕೇಳುವುದಿಲ್ಲ. ಜೋತ ಕೆನ್ನೆಯ ವಿಷಯಕ್ಕೆ ಬಂದಾಗ ಮಾತ್ರ ನಮಗೆ ವೈರಾಗ್ಯ ನೆನಪಾಗುತ್ತದೆ.

ಫೇಸ್‌ಲಿಫ್ಟ್ ಯಾರಿಗೂ ಅನಿವಾರ್ಯ ಎಂದು ನಾನು ವಾದಿಸುತ್ತಿಲ್ಲ. ಮಾಡಿಸಿಕೊಳ್ಳಿ ಎಂದು ಹೇಳುವ ಉಮೇದೂ ನನಗಿಲ್ಲ. ನನ್ನ ತಕರಾರು ಇಷ್ಟೇ: ನಮ್ಮ ನಗೆಯಿಂದ ಯಾರ ಆಸೆಯೂ ನಿಲ್ಲುವುದಿಲ್ಲ, ಅದು ಗುಟ್ಟಾಗುತ್ತದೆ ಅಷ್ಟೇ. ಈ ಶಸ್ತ್ರಚಿಕಿತ್ಸೆಯಾದರೋ ಗುಟ್ಟಾಗಿ ಮಾಡಿಸಿಕೊಂಡಷ್ಟೂ ಅಪಾಯ ಹೆಚ್ಚುವಂಥದ್ದು. ಯಾಕೆಂದು ತಿಳಿಯಬೇಕಾದರೆ ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು.

ಕನ್ನಡಿಯ ಮುಂದೆ ನಿಂತು ಕಿವಿಯ ಮುಂದಿನ ಚರ್ಮವನ್ನು ಎರಡು ಬೆರಳಿನಿಂದ ಮೇಲಕ್ಕೂ ಹಿಂದಕ್ಕೂ ಎಳೆದು ನೋಡಿಕೊಳ್ಳದ ಐವತ್ತು ದಾಟಿದವರು ಕಡಿಮೆ. ಎಳೆದಾಗ ದವಡೆಯ ಅಂಚಿನ ಜೋಲು ಮಾಯವಾಗುತ್ತದೆ, ಗದ್ದದ ಕೆಳಗಿನ ಸಡಿಲು ಬಿಗಿಯಾಗುತ್ತದೆ. ಫೇಸ್‌ಲಿಫ್ಟ್ ಕೊಡುವುದು ಹೆಚ್ಚುಕಡಿಮೆ ಇದನ್ನೇ. ಬೆರಳು ಎಳೆದಾಗಲೂ ಹಣೆಯ ಗೆರೆ ಹಾಗೇ ಇರುವುದನ್ನು, ರೆಪ್ಪೆಯ ಕೆಳಗಿನ ಚೀಲ ಕದಲದ್ದನ್ನು, ತುಟಿಯ ಮೇಲಿನ ಸಣ್ಣ ನೆರಿಗೆ ಅಳಿಯದ್ದನ್ನು, ಭಂಗು ಭಂಗಾಗಿಯೇ ಉಳಿದದ್ದನ್ನು ಅದೇ ಕನ್ನಡಿಯಲ್ಲಿ ನೋಡಬಹುದು. ಅವಕ್ಕೆಲ್ಲ ಬೇರೆ ಚಿಕಿತ್ಸೆ, ಬೇರೆ ಖರ್ಚು. ಇದನ್ನು ಮೊದಲೇ ತಿಳಿದುಕೊಳ್ಳದೆ ಹೋದವರು ಶಸ್ತ್ರಚಿಕಿತ್ಸೆ ಸರಿಯಾಗಿಯೇ ಆದರೂ ಮೋಸ ಹೋದೆವೆಂದುಕೊಂಡು ಬರುತ್ತಾರೆ.

ಬರೀ ಚರ್ಮವನ್ನು ಎಳೆದು ಹೊಲಿಯುವುದು ಈ ವಿದ್ಯೆಯ ಮೊದಲ ದಿನಗಳ ರೀತಿ. 1901ರಲ್ಲಿ ಬರ್ಲಿನ್ನಿನ ಯೂಜೆನ್ ಹೊಲ್ಯಾಂಡರ್ ಎಂಬ ಶಸ್ತ್ರವೈದ್ಯ ಪೋಲೆಂಡಿನ ಶ್ರೀಮಂತ ಮಹಿಳೆಯೊಬ್ಬಳಿಗೆ ಮಾಡಿದ್ದು ಮೊದಲನೆಯದೆಂದು ಹೇಳುವುದುಂಟು. ಚರ್ಮ ಹಿಗ್ಗುವ ವಸ್ತು. ಎಳೆದು ಕಟ್ಟಿದ್ದು ಸ್ವಲ್ಪ ಕಾಲದಲ್ಲೇ ಸಡಿಲಾಗುತ್ತಿತ್ತು, ಎಳೆತಕ್ಕೆ ಕಲೆ ಅಗಲವಾಗುತ್ತಿತ್ತು. 1976ರಲ್ಲಿ ಫ್ರಾನ್ಸಿನ ಮಿಟ್ಜ್ ಮತ್ತು ಪೆಯ್ರೊನಿ ಎಂಬಿಬ್ಬರು ಕೊಬ್ಬಿನ ಅಡಿಯಲ್ಲಿ ಮುಖದ ಸ್ನಾಯುಗಳನ್ನು ಹೊದ್ದಿರುವ ತೆಳು ಪದರವನ್ನು ವಿವರವಾಗಿ ಗುರುತಿಸಿದರು. ಡಾಕ್ಟರುಗಳು ಅದನ್ನು ಸ್ಮಾಸ್ ಎನ್ನುತ್ತಾರೆ. ಈಗಿನ ಒಳ್ಳೆಯ ಫೇಸ್‌ಲಿಫ್ಟ್‌ನಲ್ಲಿ ಭಾರ ಹೊರುವುದು ಆ ಪದರ. ಅದನ್ನು ಎತ್ತಿ ಕಟ್ಟಿ, ಮೇಲಿನ ಚರ್ಮವನ್ನು ಎಳೆತವಿಲ್ಲದೆ ಹಾಸಿ, ಹೆಚ್ಚಾದದ್ದನ್ನು ಮಾತ್ರ ಕತ್ತರಿಸುತ್ತಾರೆ. ಹಾಲೆಯ ಬುಡದಲ್ಲಿ ಎಳೆತ ಉಳಿದರೆ ದಿನ ಕಳೆದಂತೆ ಹಾಲೆ ಕೆಳಕ್ಕೆ ಜಗ್ಗಿ ಕೆನ್ನೆಗೆ ಅಂಟಿದಂತೆ ಕಾಣುತ್ತದೆ. ಕಸುಬು ತಿಳಿದವರು ಮುಖ ನೋಡುವ ಮೊದಲು ಹಾಲೆ ನೋಡುತ್ತಾರೆ.

ಮೂರರಿಂದ ಐದು ಗಂಟೆಯ ಕೆಲಸ ಇದು. ಪೂರ್ತಿ ಅರಿವಳಿಕೆ ಕೊಟ್ಟೋ, ಮಂಪರು ಬರಿಸಿ ಆ ಭಾಗವನ್ನಷ್ಟೇ ಮರಗಟ್ಟಿಸಿಯೋ ಮಾಡುತ್ತಾರೆ. ನಮ್ಮ ಸೀಮೆಯವರು ಇಲ್ಲಿ ಕಿವಿಗೊಡಬೇಕಾದ ಒಂದು ಮಾತಿದೆ. ಗುಟ್ಕಾ, ಜರ್ದಾ ಅಗಿದು ಅಗಿದು ಬಾಯಿ ಎರಡು ಬೆರಳಿನಗಲವೂ ತೆರೆಯದವರು ಈ ಭಾಗದಲ್ಲಿ ಇದ್ದಾರೆ. ಉಸಿರಿನ ಕೊಳವೆ ಇಳಿಸಬೇಕಾದ ಅರಿವಳಿಕೆ ತಜ್ಞರಿಗೆ ಅಂಥ ಬಾಯಿ ದೊಡ್ಡ ತಲೆನೋವು. ಬೀಡಿ ಸಿಗರೇಟಿನ ಕತೆ ಇನ್ನೂ ಕೆಟ್ಟದ್ದು. ಫೇಸ್‌ಲಿಫ್ಟ್‌ನಲ್ಲಿ ಚರ್ಮವನ್ನು ಅದರ ತಳದಿಂದ ಬಿಡಿಸಿರುತ್ತಾರೆ, ಆಗ ಅದಕ್ಕೆ ರಕ್ತ ಅಂಚಿನಿಂದಷ್ಟೇ ಬರಬೇಕು. ನಿಕೋಟಿನ್ ಆ ಸಣ್ಣ ರಕ್ತನಾಳಗಳನ್ನೇ ಹಿಂಡುತ್ತದೆ. ಕಿವಿಯ ಹಿಂದಿನ ಚರ್ಮ ಕಪ್ಪಾಗಿ ಕೊಳೆಯುವುದು ಹೀಗೆ. ಅದಕ್ಕೇ ಶಸ್ತ್ರಚಿಕಿತ್ಸೆಗೆ ಹಲವು ವಾರ ಮುಂಚೆಯೂ ಆಮೇಲೂ ತಂಬಾಕು ಪೂರ್ತಿ ಬಿಡಿಸುತ್ತಾರೆ. ಡಾಕ್ಟರಿಗೆ ಸುಳ್ಳು ಹೇಳಿ ದಕ್ಕಿಸಿಕೊಳ್ಳಬಹುದು, ರಕ್ತನಾಳಕ್ಕೆ ಸುಳ್ಳು ಹೇಳಲು ಬರುವುದಿಲ್ಲ.

ಈಗ ಮೊದಲ ರಾತ್ರಿಯ ವಿಷಯ. ಫೇಸ್‌ಲಿಫ್ಟ್‌ನ ತೊಡಕುಗಳಲ್ಲಿ ಹೆಚ್ಚು ಕಾಣುವುದು ಚರ್ಮದ ಕೆಳಗೆ ರಕ್ತ ತುಂಬಿಕೊಳ್ಳುವುದು. ಬಹುಮಟ್ಟಿಗೆ ಅದು ಮೊದಲ 24 ಗಂಟೆಯೊಳಗೆ ಆಗುತ್ತದೆ. ಬಿ.ಪಿ. ಏರಿದರೆ, ವಾಂತಿಯಾದರೆ, ಕೆಮ್ಮಿದರೆ ಕಟ್ಟಿದ ರಕ್ತನಾಳ ಬಿಚ್ಚಿಕೊಳ್ಳಬಹುದು. ಗಂಡಸರಲ್ಲಿ ಇದರ ಸಂಭವ ಇನ್ನೂ ಹೆಚ್ಚು, ಗಡ್ಡದ ಚರ್ಮಕ್ಕೆ ರಕ್ತದ ಹರಿವು ಜಾಸ್ತಿ. (ಗಂಡಸರಿಗೆ ಇನ್ನೊಂದು ವಿಚಿತ್ರವೂ ಕಾದಿರುತ್ತದೆ: ಕೆನ್ನೆಯ ಚರ್ಮ ಹಿಂದಕ್ಕೆ ಸರಿಯುವುದರಿಂದ ಕಿವಿಯ ಪಕ್ಕದಲ್ಲೂ ಹಿಂದೆಯೂ ರೇಜರ್ ಆಡಿಸಬೇಕಾಗಿ ಬರಬಹುದು.) ಎರಡೂ ಕಡೆ ಸಮನಾಗಿ ಊದಿದರೆ ಗಾಬರಿಯಿಲ್ಲ. ಒಂದೇ ಕಡೆ ಏಕಾಏಕಿ ಊದಿ, ಬಿಗಿದು, ನೋವು ಏರುತ್ತಾ ಹೋದರೆ ತಡಮಾಡುವಂತಿಲ್ಲ. ಹೊಲಿಗೆ ಬಿಚ್ಚಿ ರಕ್ತ ತೆಗೆಯಬೇಕು, ಇಲ್ಲದಿದ್ದರೆ ಮೇಲಿನ ಚರ್ಮ ಸಾಯುತ್ತದೆ. ಔಷಧದ ಮಂಪರಿನಲ್ಲಿ ಮಲಗಿದವರಿಗೆ, ತಲೆಗೆಲ್ಲ ಪಟ್ಟಿ ಸುತ್ತಿಸಿಕೊಂಡವರಿಗೆ, ಇದು ತಾವಾಗಿ ತಿಳಿಯಲಿಕ್ಕಿಲ್ಲ. ಪಕ್ಕದಲ್ಲಿ ಎಚ್ಚರವಿರುವ, ಏನು ನೋಡಬೇಕೆಂದು ಗೊತ್ತಿರುವ, ನರ್ಸನ್ನು ಕೂಗಿ ಕರೆಯಲು ಹಿಂಜರಿಯದ ಒಬ್ಬರು ಬೇಕು. ಮನೆಯಲ್ಲಿ "ಟ್ರೈನಿಂಗ್‌ಗೆ ಹೋಗ್ತೀನಿ" ಎಂದು ಹೇಳಿ ಬಂದವರ ಪಕ್ಕದಲ್ಲಿ ಯಾರಿರುತ್ತಾರೆ?

2022ರ ಮೇ ತಿಂಗಳಲ್ಲಿ ಬೆಂಗಳೂರಿನ ಖಾಸಗಿ ಚಿಕಿತ್ಸಾಲಯವೊಂದರಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋಗಿದ್ದ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡರು. ವಯಸ್ಸು 21. ಅದು ಫೇಸ್‌ಲಿಫ್ಟ್ ಅಲ್ಲ, ನಿಜ. ಆದರೆ ಆಮೇಲೆ ಹೊರಬಿದ್ದ ಸಂಗತಿ ಇಲ್ಲಿಗೂ ಸಂಬಂಧಪಟ್ಟದ್ದು: ಸ್ನೇಹಿತರ ಜೊತೆ ಹೋಗಿದ್ದಳು, ತಮಗೆ ತಿಳಿಸಿರಲಿಲ್ಲ ಎಂದು ಹೆತ್ತವರು ಹೇಳಿದರು. ಗುಟ್ಟಿನಿಂದಲೇ ಸಾವಾಯಿತು ಎಂದು ನಾನು ಹೇಳುತ್ತಿಲ್ಲ. ಆದರೆ ಮನೆಯವರಿಗೆ ಮೊದಲೇ ಗೊತ್ತಿದ್ದರೆ ಅವರು ಕೇಳಬಹುದಾಗಿದ್ದ ಹತ್ತು ಪ್ರಶ್ನೆಗಳನ್ನು ಆ ದಿನ ಕೇಳುವವರು ಇರಲಿಲ್ಲ. ಸುದ್ದಿ ಬಂದ ಮೇಲೆ ಎಷ್ಟೋ ಜನ ಆಡಿದ ಮಾತು "ಅಷ್ಟು ಸಣ್ಣ ವಯಸ್ಸಿಗೆ ಅದು ಯಾಕೆ ಬೇಕಿತ್ತು" ಎಂಬುದೇ. ನಿವೃತ್ತಿಗೆ ಹತ್ತಿರವಾದ ಟೀಚರಿಗೆ ವಯಸ್ಸಾಯಿತು, ಇಪ್ಪತ್ತೊಂದರವಳಿಗೆ ವಯಸ್ಸಾಗಲಿಲ್ಲ; ಹಾಗಾದರೆ ನಾವು ಒಪ್ಪುವ ವಯಸ್ಸು ಯಾವುದು? ಸತ್ತವಳನ್ನು ಬಿಟ್ಟು ಆ ಕೊಠಡಿಯಲ್ಲಿ ಅರಿವಳಿಕೆ ತಜ್ಞರಿದ್ದರೇ, ಐಸಿಯು ಎಷ್ಟು ದೂರ ಎಂದು ಮೊದಲು ಕೇಳಬೇಕಿತ್ತು.

ಆದೋನಿಯಿಂದ, ಎಮ್ಮಿಗನೂರಿನಿಂದ, ಮಂತ್ರಾಲಯದಿಂದ ಇಂಥ ಚಿಕಿತ್ಸೆಗೆ ಹೊರಟವರು ಹೆಚ್ಚಾಗಿ ಬೆಂಗಳೂರಿಗೋ ಹೈದರಾಬಾದಿಗೋ ಹೋಗುತ್ತಾರೆ. ರೈಲಿನಲ್ಲಿ ಗಂಟೆಗಟ್ಟಲೆ ಹಿಡಿಯುವ ದಾರಿ. ಗುಟ್ಟು ಕಾಯಬೇಕಾದವರಿಗೆ ರಜೆ ಸಿಗುವುದು ಕಡಿಮೆ, ಲಾಡ್ಜಿನಲ್ಲಿ ಒಬ್ಬರೇ ಉಳಿಯುವುದೂ ಕಷ್ಟ. ಹಾಗಾಗಿ ಮೂರನೇ ದಿನವೇ ಶಾಲು ಸುತ್ತಿಕೊಂಡು ರೈಲು ಹತ್ತುವ ಮನಸ್ಸಾಗುತ್ತದೆ. ಗುಂತಕಲ್ಲು ದಾಟುವಾಗ ಕೆನ್ನೆ ಊದಿದರೆ ಯಾರಿಗೆ ತೋರಿಸುವುದು? ಹೊಲಿಗೆ ಬಿಚ್ಚುವವರೆಗಾದರೂ, ಅಂದರೆ ವಾರದಿಂದ ಹತ್ತು ದಿನ, ಶಸ್ತ್ರಚಿಕಿತ್ಸೆ ಮಾಡಿದವರ ಊರಲ್ಲೇ ಇರಬೇಕು. ಈ ಖರ್ಚನ್ನು ಯಾವ ಪ್ಯಾಕೇಜಿನ ಜಾಹೀರಾತೂ ಹೇಳುವುದಿಲ್ಲ. ಚಿಕಿತ್ಸೆಯ ಹಣ ಲಕ್ಷಗಳ ಲೆಕ್ಕ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಇಂಥ ಕಾರಣವಿಲ್ಲದ ಸೌಂದರ್ಯ ಶಸ್ತ್ರಚಿಕಿತ್ಸೆಗೆ ಆರೋಗ್ಯ ವಿಮೆ ಬಿಡಿಗಾಸು ಕೊಡುವುದಿಲ್ಲ. ಬೇರೆ ಚಿಕಿತ್ಸೆಗಿರುವ ಜಿಎಸ್‌ಟಿ ವಿನಾಯಿತಿಯೂ ಇದಕ್ಕಿಲ್ಲ.

ಶಸ್ತ್ರಚಿಕಿತ್ಸೆಯ ನಂತರದ ಹದಿನೈದು ಇಪ್ಪತ್ತು ದಿನ ಕಷ್ಟದ್ದು. ಮುಖ ಊದಿ, ಕಣ್ಣಿನ ಕೆಳಗಿನಿಂದ ಕುತ್ತಿಗೆಯವರೆಗೆ ನೀಲಿ, ಹಸಿರು, ಹಳದಿ ಬಣ್ಣಗಳು ಒಂದಾದ ಮೇಲೊಂದು ಬರುತ್ತವೆ. ತಲೆ ಎತ್ತರಕ್ಕಿಟ್ಟು ಅಂಗಾತ ಮಲಗಬೇಕು, ಬಗ್ಗಬಾರದು, ಭಾರ ಎತ್ತಬಾರದು. ಹೊಲಿಗೆಯ ಮೇಲೆ ಅರಿಶಿನ ಮೆತ್ತುವ ಅತ್ತೆಯರನ್ನು ದೂರವಿಡಬೇಕು. ಕೆನ್ನೆ, ಕಿವಿ ತಿಂಗಳುಗಟ್ಟಲೆ ಜೋಮು ಹಿಡಿದಂತಿರುತ್ತವೆ. ಕಿವಿಗೆ ಸ್ಪರ್ಶ ಕೊಡುವ ನರ ಕತ್ತಿನ ಪಕ್ಕದಿಂದ ಮೇಲೇರಿ ಬರುತ್ತದೆ, ಈ ಶಸ್ತ್ರಚಿಕಿತ್ಸೆಯಲ್ಲಿ ಹೆಚ್ಚು ಪೆಟ್ಟು ತಿನ್ನುವ ನರ ಅದೇ. ಓಲೆಯ ತಿರುಪು ಸಡಿಲಾಗಿ ಓಲೆ ಬಿದ್ದುಹೋದರೂ ಕಿವಿಗೆ ಗೊತ್ತಾಗದ ಹೆಂಗಸರಿದ್ದಾರೆ. ಮುಖದ ಸ್ನಾಯುಗಳನ್ನು ಆಡಿಸುವ ನರ ಬೇರೆ. ಮಂಗನಬಾವು ಬಂದಾಗ ಊದುತ್ತದಲ್ಲ, ಆ ಗ್ರಂಥಿಯೊಳಗಿಂದ ಅದು ಕವಲೊಡೆದು ಹಣೆಗೂ ತುಟಿಗೂ ಹೋಗುತ್ತದೆ. ಅದರ ಕವಲಿಗೆ ನೋವಾದರೆ ನಗುವಾಗ ತುಟಿ ಒಂದು ಕಡೆ ಇಳಿಯುವುದಿಲ್ಲ, ಅಥವಾ ಹುಬ್ಬು ಏರುವುದಿಲ್ಲ. ಬಹುಪಾಲು ಇದು ವಾರ, ತಿಂಗಳುಗಳಲ್ಲಿ ಸರಿಹೋಗುತ್ತದೆ. ಶಾಶ್ವತವಾಗಿ ಉಳಿಯುವುದು ಅಪರೂಪ, ಆದರೆ ಇಲ್ಲವೆನ್ನುವಂತಿಲ್ಲ. ನಮ್ಮ ಮೈಬಣ್ಣಕ್ಕೆ ಇನ್ನೊಂದು ಎಚ್ಚರಿಕೆ ಬೇಕು. ಬಿಳಿಚರ್ಮದವರ ಫೋಟೋಗಳಲ್ಲಿ ಕಾಣದಂತೆ ಮಾಯುವ ಗೆರೆ ನಮ್ಮಲ್ಲಿ ಕಪ್ಪಾಗಿ ಉಳಿಯಬಹುದು, ಉಬ್ಬಬಹುದು. ಕಿವಿ ಚುಚ್ಚಿಸಿಕೊಂಡಾಗಲೇ ಗಂಟು ಎದ್ದವರು ಅದನ್ನು ಮುಚ್ಚಿಡದೆ ಡಾಕ್ಟರಿಗೆ ಹೇಳಬೇಕು.

ಆ ದಿನಗಳಲ್ಲಿ ಮನಸ್ಸೂ ಕುಸಿಯುತ್ತದೆ. ಕನ್ನಡಿಯಲ್ಲಿ ಮೊದಲಿನ ಮುಖವೂ ಇಲ್ಲ, ಬಯಸಿದ ಮುಖವೂ ಇಲ್ಲ. ಯಾಕಾದರೂ ಮಾಡಿಸಿಕೊಂಡೆನೋ ಎನಿಸುತ್ತದೆ. ಇದು ಬರುತ್ತದೆ, ಹೋಗುತ್ತದೆ ಎಂದು ಮೊದಲೇ ಹೇಳುವ ಡಾಕ್ಟರು ಒಳ್ಳೆಯವರು. ಅಂತಿಮ ರೂಪ ನೆಲೆ ನಿಲ್ಲಲು ಮೂರರಿಂದ ಆರು ತಿಂಗಳು ಬೇಕು. ಆ ರೂಪ ಏಳರಿಂದ ಹತ್ತು ವರ್ಷ ಉಳಿದೀತು ಎನ್ನುವುದು ವಾಡಿಕೆಯ ಮಾತು. ಮುಪ್ಪು ಆ ಅವಧಿಯಲ್ಲೂ ತನ್ನ ಕೆಲಸ ಮಾಡುತ್ತಲೇ ಇರುತ್ತದೆ, ಸ್ವಲ್ಪ ಹಿಂದಿನಿಂದ ಹೊರಟಿರುತ್ತದೆ ಅಷ್ಟೇ.

ಬಿಸಿಲು ಮಾಡಿದ ಹಾನಿಯನ್ನಂತೂ ಫೇಸ್‌ಲಿಫ್ಟ್ ಗುಣಪಡಿಸುವುದಿಲ್ಲ. ಕೋಸಿಗಿ, ಕೌತಾಳ, ಪೆದ್ದಕಡಬೂರಿನ ಕಡೆಯಿಂದ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು ಗುಳೆ ಹೋಗುವ ಹೆಂಗಸರ ಮುಖ ನೋಡಿದವರಿಗೆ ನಲವತ್ತಕ್ಕೇ ಅರವತ್ತಾಗುವುದೆಂದರೇನು ಎಂದು ವಿವರಿಸಬೇಕಿಲ್ಲ. 2012ರಲ್ಲಿ ಅಮೆರಿಕದ ವೈದ್ಯಪತ್ರಿಕೆಯೊಂದರಲ್ಲಿ 69 ವರ್ಷದ ಟ್ರಕ್ ಚಾಲಕನೊಬ್ಬನ ಫೋಟೋ ಪ್ರಕಟವಾಯಿತು. 28 ವರ್ಷ ಕಿಟಕಿಯ ಕಡೆಗಿದ್ದ ಅವನ ಎಡಗೆನ್ನೆ ದಪ್ಪಗಾಗಿ ಸುಕ್ಕು ಸುಕ್ಕಾಗಿತ್ತು, ಬಲಗೆನ್ನೆ ಹತ್ತಿಪ್ಪತ್ತು ವರ್ಷ ಚಿಕ್ಕವನದರಂತೆ ಕಾಣುತ್ತಿತ್ತು. ಬಿಸಿಲಿನ ಅಲ್ಟ್ರಾವಯೊಲೆಟ್ ಕಿರಣಗಳಲ್ಲಿ ಒಂದು ಬಗೆ ಕಿಟಕಿಯ ಗಾಜನ್ನೂ ದಾಟಿ ಬರುತ್ತದೆ. ನಮ್ಮ ಲಾರಿ ಡ್ರೈವರುಗಳಿಗಾದರೆ ಅದು ಬಲಗೆನ್ನೆ. ತಲೆಯ ಮೇಲೆ ಎಳೆದುಕೊಂಡ ಸೆರಗು, ಹಣೆಗೆ ಇಳಿಸಿ ಸುತ್ತಿದ ರುಮಾಲು, ಬಲಬದಿಯ ಕಿಟಕಿಗೊಂದು ಪರದೆ: ಇವು ಮಾಡುವ ಕೆಲಸವನ್ನು ಲಕ್ಷಗಟ್ಟಲೆಯ ಶಸ್ತ್ರಚಿಕಿತ್ಸೆ ಆಮೇಲೆ ಮಾಡಲಾರದು.

ಇಲ್ಲೊಂದು ಗಟ್ಟಿಯಾದ ಆಕ್ಷೇಪ ಏಳುತ್ತದೆ. ಒಲೆಯ ಬೆಂಕಿಗೆ ಸುಟ್ಟು ಗದ್ದ ಎದೆಗೆ ಅಂಟಿಕೊಂಡವರು, ಸೀಳುತುಟಿಯ ಮಕ್ಕಳು ಸರದಿಗಾಗಿ ಕಾಯುವ ಸೀಮೆಯಲ್ಲಿ ಫೇಸ್‌ಲಿಫ್ಟ್‌ನ ಮಾತೇ ಅಶ್ಲೀಲವಲ್ಲವೇ? ಅದೇ ಪ್ಲಾಸ್ಟಿಕ್ ಸರ್ಜನ್, ಅದೇ ನಾಲ್ಕು ಗಂಟೆ, ಅದೇ ವಿದ್ಯೆ. ಈ ಮಾತಿನ ಚುಚ್ಚು ನನಗೂ ತಾಗುತ್ತದೆ. ಆದರೆ ಅವಶ್ಯಕ ಮತ್ತು ಷೋಕಿ ಎಂದು ಎರಡು ಗೂಡು ಮಾಡಿ ಎಲ್ಲರ ಮುಖವನ್ನೂ ಒಂದೊಂದರಲ್ಲಿ ತುರುಕುವುದು ಹೇಳಿದಷ್ಟು ಸುಲಭವಲ್ಲ. ಈ ವಿದ್ಯೆಯ ಆಧುನಿಕ ಚರಿತ್ರೆಯ ಮೊದಲ ಪುಟದಲ್ಲೇ ಇರುವವನು ನಮ್ಮ ಪಕ್ಕದಲ್ಲೇ ನಡೆದ ಯುದ್ಧದವನು. ಕಾವಸಜೀ ಎಂಬ ಮರಾಠ ಎತ್ತಿನಾಳು, 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ದಂಡಿನ ಜೊತೆಗಿದ್ದವನು, ಟಿಪ್ಪುವಿನ ಕಡೆಯವರಿಗೆ ಸೆರೆ ಸಿಕ್ಕು ಮೂಗು ಮತ್ತು ಒಂದು ಕೈ ಕಳೆದುಕೊಂಡ. ಸುಮಾರು ಒಂದು ವರ್ಷ ಮೂಗಿಲ್ಲದೆ ಇದ್ದ. ಆಮೇಲೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಮೇಣದ ತೆಳು ತಗಡನ್ನು ಮೂಗಿನ ಜಾಗಕ್ಕೆ ಒತ್ತಿ ಆಕಾರ ತೆಗೆದು, ಅದನ್ನು ಹಣೆಯ ಮೇಲೆ ಹರಡಿ ಗುರುತು ಹಾಕಿ, ಅಷ್ಟು ಚರ್ಮವನ್ನು ಬಿಡಿಸಿ, ಹುಬ್ಬುಗಳ ನಡುವೆ ಒಂದು ತೊಟ್ಟು ಉಳಿಸಿಕೊಂಡು ತಿರುಗಿಸಿ ತಂದು ಮೂಗು ಕಟ್ಟಿದ. 1794ರಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ ಇದನ್ನು ಚಿತ್ರಸಮೇತ ಅಚ್ಚು ಹಾಕಿತು. 20 ವರ್ಷದ ಮೇಲೆ, 1814ರಲ್ಲಿ, ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯ ಇದೇ ರೀತಿಯನ್ನು ಲಂಡನ್ನಿನಲ್ಲಿ ಮಾಡಿದ.

ಕಾವಸಜೀಗೆ ಉಸಿರಾಡಲು ಹಳೆಯ ತೂತುಗಳಿದ್ದವು. ಅವನಿಗೆ ಬೇಕಿದ್ದದ್ದು ನಾಲ್ಕು ಜನರ ನಡುವೆ ತಲೆ ಎತ್ತಿ ನಡೆಯುವುದು. ಅದನ್ನು ಅವಶ್ಯಕತೆ ಎಂದು ಒಪ್ಪುವ ನಾವು ಜನರ ಕಣ್ಣಿಗೆ ಹೇಗೆ ಕಾಣುತ್ತೇವೆಂಬುದು ಬದುಕಿನ ದೊಡ್ಡ ಪಾಲು ಎಂದೂ ಒಪ್ಪಿದಂತಾಯಿತು. ಕತ್ತರಿಸಿದ ಮೂಗೂ ಜೋತ ಕೆನ್ನೆಯೂ ಒಂದೇ ಎಂದು ನಾನು ಹೇಳಲಾರೆ. ಸರ್ಕಾರದ ದುಡ್ಡು ಮೊದಲು ಮೂಗಿಗೆ, ತುಟಿಗೆ, ಸುಟ್ಟ ಕತ್ತಿಗೆ ಹೋಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ತನ್ನ ಉಳಿತಾಯದ ಹಣದಲ್ಲಿ ಹೋಗುವ ಟೀಚರನ್ನು ಹಂಗಿಸಿದರೆ ಆದೋನಿಯ ಆಸ್ಪತ್ರೆಗೆ ಒಬ್ಬ ಪ್ಲಾಸ್ಟಿಕ್ ಸರ್ಜನ್ ಹೆಚ್ಚಾಗಿ ಬರುವುದಿಲ್ಲ.

ಗುಟ್ಟಿನಿಂದ ಲಾಭ ಯಾರಿಗೆ ಎಂದು ಯೋಚಿಸಿದರೆ ಉತ್ತರ ಸುಲಭ. ನಾಚಿಕೆ ಪಡುವ ಗಿರಾಕಿ ಹತ್ತು ಕಡೆ ವಿಚಾರಿಸುವುದಿಲ್ಲ, ಕೆಟ್ಟರೆ ದೂರು ಕೊಡುವುದಿಲ್ಲ. ಎಂ.ಎಸ್. ಮಾಡಿ ಆಮೇಲೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಮಾಡಿದವರ ಪಕ್ಕದಲ್ಲೇ ಕಾಸ್ಮೆಟಾಲಜಿಸ್ಟ್ ಎಂಬ ಬೋರ್ಡು ನೇತುಹಾಕಿದವರೂ ಇರುತ್ತಾರೆ. ಆ ಬೋರ್ಡಿನಿಂದ ಚಾಕು ಹಿಡಿಯುವ ತರಬೇತಿಯಾಗಿದೆ ಎಂದು ತಿಳಿಯುವುದಿಲ್ಲ. ವರ್ಕ್‌ಶಾಪಿನಲ್ಲೋ ಯೂಟ್ಯೂಬಿನಲ್ಲೋ ನೋಡಿ ಕಲಿತದ್ದು ಸಾಲದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ, ಸೌಂದರ್ಯ ಶಸ್ತ್ರಚಿಕಿತ್ಸೆ ಮತ್ತು ಕೂದಲು ಕಸಿಯ ಬಗ್ಗೆ, ಹೇಳಬೇಕಾಯಿತು. ಹೇಳಬೇಕಾಯಿತು ಎಂದರೆ ಹಾಗೆ ಕಲಿತವರು ಇದ್ದರು ಎಂದೇ ಅರ್ಥ. ಇನ್ನು ಫೋನಿನಲ್ಲಿ ಬರುವ ದಾರದ ಲಿಫ್ಟು, ಸೂಜಿಯ ಲಿಫ್ಟು, ಊಟದ ಬಿಡುವಿನಲ್ಲಿ ಮುಗಿಯುವ ಲಿಫ್ಟು. ಬೊಟಾಕ್ಸ್ ಹಣೆಯ ಗೆರೆಯನ್ನು ಮೂರ್ನಾಲ್ಕು ತಿಂಗಳು ಸಡಿಲಿಸುತ್ತದೆ, ಫಿಲ್ಲರ್ ಗುಳಿ ತುಂಬುತ್ತದೆ. ತಮ್ಮ ಕೆಲಸವನ್ನು ಅವು ಮಾಡುತ್ತವೆ. ಜೋತ ದವಡೆಯನ್ನು ಮಾತ್ರ ಎತ್ತುವುದಿಲ್ಲ. ಎತ್ತುತ್ತದೆಂದು ಹೇಳಿ ವರ್ಷಕ್ಕೆರಡು ಸಲ ಹಣ ಕೀಳುವುದಕ್ಕಿಂತ ಚಾಕುವೇ ಪ್ರಾಮಾಣಿಕ ಎನ್ನುವುದು ನನ್ನ ಅಭಿಪ್ರಾಯ.

ಕಾನೂನು ನಮ್ಮ ಕಡೆ ಇದೆ, ನಾವು ಅದನ್ನು ಬಳಸುವುದಿಲ್ಲ. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರೋಗಿಯ ಒಪ್ಪಿಗೆ ಎಂದರೇನು ಎಂದು ಸ್ಪಷ್ಟವಾಗಿ ಹೇಳಿತು: ಚಿಕಿತ್ಸೆಯ ಸ್ವರೂಪ, ಅದರ ಪ್ರಯೋಜನ, ಬೇರೆ ದಾರಿಗಳು, ದೊಡ್ಡ ಅಪಾಯಗಳು ಇವನ್ನು ತಿಳಿಸಿ ಪಡೆದದ್ದೇ ಒಪ್ಪಿಗೆ. ಇಂಗ್ಲಿಷಿನ ನಾಲ್ಕು ಪುಟದ ಕೆಳಗೆ ಹಾಕಿಸಿಕೊಂಡ ಸಹಿ ಅಂಥ ಒಪ್ಪಿಗೆ ಹೇಗಾದೀತು? 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ, ಆದೋನಿ ಮತ್ತು ಆಲೂರು ಆಂಧ್ರಕ್ಕೆ ಹೋದಾಗಿನಿಂದ ನಮ್ಮ ಕಡೆಯ ಕನ್ನಡದವರು ಅರ್ಥವಾಗದ ಕಾಗದಕ್ಕೆ ಸಹಿ ಹಾಕುವುದನ್ನು ರೂಢಿ ಮಾಡಿಕೊಂಡಿದ್ದೇವೆ. ಪಹಣಿಯ ವಿಷಯದಲ್ಲಿ ಅದು ನಡೆದೀತು. ಮುಖದ ವಿಷಯದಲ್ಲಿ ಬೇಡ. ಕನ್ನಡದಲ್ಲಿ ಹೇಳಿ, ಇಲ್ಲವೇ ತೆಲುಗಿನಲ್ಲಿ ಹೇಳಿ, ತಿಳಿಯುವವರೆಗೆ ಹೇಳಿ ಎಂದು ಕೇಳುವುದು ಉದ್ಧಟತನವಲ್ಲ. ಎಕೋಸ್ಪ್ರಿನ್ ತೆಗೆದುಕೊಳ್ಳುತ್ತೇನೆ, ಸಕ್ಕರೆ ಇದೆ, ಜರ್ದಾ ಇದೆ ಎಂದು ನಾವು ಹೇಳುವುದೂ ಅದೇ ಮಾತುಕತೆಯ ಭಾಗ. (ಎಕೋಸ್ಪ್ರಿನ್ ಅನ್ನು ತಾವಾಗಿ ನಿಲ್ಲಿಸಬೇಡಿ; ಹೃದಯದ ಡಾಕ್ಟರನ್ನೂ ಸರ್ಜನ್ನನ್ನೂ ಕೇಳಿ.)

ನಿರೀಕ್ಷೆಯ ಮಾತು ಬಂದಾಗ ಮಂತ್ರಾಲಯ ಕಣ್ಣೆದುರಿದೆ. ತುಂಗಭದ್ರೆಯಲ್ಲಿ ಮುಳುಗೆದ್ದು ಒದ್ದೆ ಬಟ್ಟೆಯಲ್ಲಿ ಉರುಳು ಸೇವೆ ಮಾಡುವವರು, ದಿನಗಟ್ಟಲೆ ಸೇವೆಗೆ ಕೂರುವವರು ರಾಯರ ಮುಂದೆ ಏನನ್ನೂ ಮುಚ್ಚಿಡುವುದಿಲ್ಲ. ಹೆಸರು, ಗೋತ್ರ, ನಕ್ಷತ್ರ ಹೇಳಿ ಬೇಕಾದದ್ದನ್ನು ಕೇಳಿಕೊಳ್ಳುತ್ತಾರೆ. ಮಗನಿಗೆ ಕೆಲಸ, ಮಗಳಿಗೆ ಗಂಡು, ಗಂಡನ ಕುಡಿತಕ್ಕೆ ಕೊನೆ. ಒಂದೇ ಸಂಕಲ್ಪದಲ್ಲಿ ಎಲ್ಲವನ್ನೂ ಕೇಳಬಹುದು, ಮಿತಿಯಿಲ್ಲ. ಸರ್ಜನ್ನನ ಎದುರು ಕುಳಿತಾಗ ಆ ಮುಚ್ಚುಮರೆಯಿಲ್ಲದ ಮಾತು ಬೇಕು, ಆ ಮಿತಿಯಿಲ್ಲದ ಬೇಡಿಕೆ ಬೇಡ. ದವಡೆಯ ಅಂಚು ತಿದ್ದಿಸಿಕೊಳ್ಳಬೇಕು ಎನ್ನುವವರಿಗೆ ಆ ಅಂಚು ಸಿಗುತ್ತದೆ. ದೂರವಾದ ಗಂಡ ಹತ್ತಿರವಾಗಲಿ, ತಪ್ಪಿದ ಬಡ್ತಿ ಸಿಗಲಿ, ಹೋದ ಇಪ್ಪತ್ತು ವರ್ಷ ಬರಲಿ ಎಂದು ಹೋದವರಿಗೆ ಒಳ್ಳೆಯ ಡಾಕ್ಟರು ಆಗುವುದಿಲ್ಲ ಎಂದು ಹೇಳಿ ಕಳಿಸುತ್ತಾರೆ. ಬೇರೆಯವರ ಕಣ್ಣಿಗೆ ಬೀಳದ ದೋಷವೊಂದನ್ನು ಹಗಲು ರಾತ್ರಿ ತಮ್ಮ ಮುಖದಲ್ಲಿ ಹುಡುಕುವವರಿಗೂ ಆ ಉತ್ತರವೇ. ಅದು ಮನಸ್ಸಿನ ಕಾಯಿಲೆ, ಚಾಕುವಿಗೆ ಬಗ್ಗುವುದಿಲ್ಲ. ಎಷ್ಟು ಜನರಿಗೆ ಬೇಡವೆಂದಿದ್ದೀರಿ ಎಂದು ಡಾಕ್ಟರನ್ನು ಕೇಳಿ ನೋಡಿ. ಒಬ್ಬರಿಗೂ ಹೇಳಿಲ್ಲ ಎನ್ನುವವರ ಹತ್ತಿರ ಮಾಡಿಸಿಕೊಳ್ಳಬೇಡಿ.

ನಿಮ್ಮ ಮನೆಯಲ್ಲಿ ಅಕ್ಕನೋ, ಅತ್ತಿಗೆಯೋ, ಅಣ್ಣನೋ ಹಿಂಜರಿಯುತ್ತಾ ಇಂಥದ್ದೊಂದು ಆಸೆ ಹೇಳಿಕೊಂಡರೆ ಬೇಡವೆನ್ನುವ ಹಕ್ಕು ನಿಮಗಿದೆ, ವಾದ ಮಾಡಿ, ಖರ್ಚಿನ ಲೆಕ್ಕ ಮುಂದಿಡಿ. ನಗಬೇಡಿ. ಮಾಡಿಸಿಕೊಳ್ಳುವುದೇ ನಿಶ್ಚಯವಾದರೆ ಡಾಕ್ಟರ ನೋಂದಣಿ ಸಂಖ್ಯೆ ತೆಗೆದುಕೊಂಡು ರಾಜ್ಯ ವೈದ್ಯಕೀಯ ಪರಿಷತ್ತಿನ ಪಟ್ಟಿಯಲ್ಲಿ ನೋಡಿ, ಆಸ್ಪತ್ರೆಯ ನೋಂದಣಿ ಪತ್ರ ಕೇಳಿ, ಅರಿವಳಿಕೆ ಕೊಡುವವರು ಯಾರೆಂದು ಕೇಳಿ. ಆಮೇಲೆ ಜೊತೆಗೆ ಹೋಗಿ, ಮೊದಲ ರಾತ್ರಿ ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಎಚ್ಚರವಾಗಿ ಕುಳಿತಿರಿ.